ಸಹಾಯ ಬೇಕು: ಈ ಹಳೆಯ ಸೀ ಹ್ಯಾರಿಯರ್ ಕಿಟ್ ಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ವಾಸ್ಕೋದಲ್ಲಿದ್ದೇನೆ. ಪರಿಚಯದವರೊಬ್ಬರು ಸೀ ಹ್ಯಾರಿಯರ್ ಯುದ್ಧವಿಮಾನದ ಬ್ರಿಟಿಷ್ ಆವೃತ್ತಿ ಎಫ್‌ಆರ್‌ಎಸ್ 1ರ ಹಳೆಯ ಕಿಟ್ (1/72 ಅಳತೆಯ, ಜೋಡಿಸಿ ಕಟ್ಟುವ ಪುಟ್ಟ ಮಾದರಿ) ಮಾರುತ್ತಿದ್ದಾರೆ. ಅದನ್ನು ನಮ್ಮ ನೌಕಾಪಡೆಯ ಎಫ್‌ಆರ್‌ಎಸ್ 51 ಆಗಿ ಕಟ್ಟುವ ಆಸೆ. 2016ರವರೆಗೂ ಇಲ್ಲೇ ದಾಬೋಳಿಯಿಂದ ಹಾರಿದ ವಿಮಾನ ಅಲ್ವಾ! ಗೋವಾದಲ್ಲಿ ಕೂತು ಬ್ರಿಟಿಷ್ ಗುರುತು ಅಂಟಿಸಲು ಮನಸ್ಸಿಲ್ಲ.

ನಿಜವಾದ ವಿಮಾನ 14.5 ಮೀಟರ್ ಉದ್ದ, ರೆಕ್ಕೆಯ ಅಗಲ 7.7 ಮೀಟರ್. ಹಾಗಾದರೆ ಮಾದರಿ ಸುಮಾರು 20.1 ಸೆಂ.ಮೀ. ಉದ್ದ, 10.7 ಸೆಂ.ಮೀ. ಅಗಲ ಬರಬೇಕು. ಅಂಟು ಹಾಕದೆ ಜೋಡಿಸಿ ಅಳೆದೆ, ಬಹುತೇಕ ಸರಿ ಇದೆ. ಮೂತಿಯೂ ಚೂಪಾಗಿದೆ, ನಂತರ ಬಂದ ಎಫ್‌ಎ 2 ಆವೃತ್ತಿಯ ದುಂಡು ಮೂತಿಯಲ್ಲ.

ತಲೆನೋವು ಬೇರೆ ಕಡೆ. ಪ್ಯಾನೆಲ್ ಗೆರೆಗಳೆಲ್ಲ (ವಿಮಾನದ ಹೊದಿಕೆಯ ಹಾಳೆಗಳು ಸೇರುವ ಜಾಗ ತೋರಿಸುವ ಗೆರೆಗಳು) ಉಬ್ಬಿಕೊಂಡಿವೆ. ಉಜ್ಜಿ ಹೊಸದಾಗಿ ಕೊರೆಯಬೇಕಾ, ಇಷ್ಟು ಚಿಕ್ಕ ಮಾದರಿಗೆ ಸುಮ್ನೆ ಬಿಡಬಹುದಾ? ಗಾಳಿ ಒಳಹೋಗುವ ಬಾಯಿಯ ಸುತ್ತಲಿನ ಪುಟ್ಟ ಬಾಗಿಲುಗಳನ್ನು ಪೂರ್ತಿ ಮುಚ್ಚಿದಂತೆ ಅಚ್ಚು ಹಾಕಿದ್ದಾರೆ. ನಿಂತ ವಿಮಾನದಲ್ಲಿ ಮೇಲಿನವು ತಮ್ಮ ಭಾರಕ್ಕೇ ಒಳಗೆ ಜೋತುಬೀಳುತ್ತವೆ. ಅವನ್ನು ಕತ್ತರಿಸಿ ತೆರೆದವರು ಯಾರಾದರೂ ಇದ್ದೀರಾ?

ಕಿಟ್‌ನಲ್ಲಿ ಸೈಡ್‌ವೈಂಡರ್ ಕ್ಷಿಪಣಿಗಳಿವೆ. ನಮ್ಮವರು ಬಳಸಿದ್ದು ಫ್ರಾನ್ಸಿನ ‘ಮಾತ್ರಾ ಮ್ಯಾಜಿಕ್’ ಕ್ಷಿಪಣಿ. ಯಾರ ಬಳಿಯಾದರೂ ಮಿರಾಜ್ ಯುದ್ಧವಿಮಾನದ ಕಿಟ್‌ನಲ್ಲಿ ಉಳಿದ ಜೋಡಿ ಇದ್ದರೆ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಡೆಕಾಲ್ (ಮಾದರಿಯ ಮೇಲೆ ಅಂಟಿಸುವ ಗುರುತುಗಳ ಹಾಳೆ) ಹಳದಿಯಾಗಿದೆ. ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗಿಡಿ ಅಂತಾರೆ, ಈ ಮಳೆಯಲ್ಲಿ ಬಿಸಿಲೆಲ್ಲಿ? ಭಾರತೀಯ ಗುರುತುಗಳ ಡೆಕಾಲ್ ಪುಣೆ, ಮುಂಬೈ ಕಡೆ ಸಿಗುತ್ತದಾ?

ಬೋಗ್ಮಾಲೋದ ನೌಕಾ ವಿಮಾನ ಮ್ಯೂಸಿಯಂನಲ್ಲಿ ನಿಲ್ಲಿಸಿರುವ ಹ್ಯಾರಿಯರ್‌ನ ಹೊಟ್ಟೆಭಾಗದ ಫೋಟೋ ಇದ್ದರೂ ಕಳಿಸಿ. ಭಾನುವಾರದೊಳಗೆ ಕಿಟ್ ಮಾರುವವರಿಗೆ ಉತ್ತರ ಹೇಳಬೇಕು.