ಎತ್ತಿದ ವಾಹನದ ಕೆಳಗೆ ಕೆಲಸ: ಮೆಕ್ಯಾನಿಕ್ ಅವರಿಗೆ ಪ್ರಶ್ನೆಗಳು (ಕೋಲಾರ ಜಿಲ್ಲಾ ವಾಹನ ಮಾಲೀಕರ ಗುಂಪು)

ಮಾಲೂರು ಸದಸ್ಯ: ಅಣ್ಣ, ಸೈಲೆನ್ಸರ್ ಬಿಚ್ಚಲು ಕಾರಿನ ಹಿಂಭಾಗವನ್ನು ಮನೆಯಲ್ಲೇ ಎತ್ತಬೇಕಾಗಿದೆ. ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಜೊತೆಗೆ ಬಂದ ಜಾಕ್ ಕೊಟ್ಟರೆ ಸಾಕೇ?

ಮೆಕ್ಯಾನಿಕ್: ಸಾಲದು. ಆ ಜಾಕ್ ಇರುವುದು ಚಕ್ರ ಬದಲಿಸುವುದಕ್ಕೆ ಮಾತ್ರ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ, ಅವು ನೆಲ ಬಿಟ್ಟ ಮೇಲೆ ಕಾರನ್ನು ತಡೆಯುವುದು ಏನೂ ಉಳಿಯುವುದಿಲ್ಲ. ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಅಡೆ ಕೊಟ್ಟು ಎತ್ತಿ, ಎರಡೂ ಬದಿಗೆ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯ ಭಾರ ಹೊರುವ ಕಬ್ಬಿಣದ ಆಧಾರ) ಇಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಿ. ಕೆಳಗೆ ಮಲಗುವ ಮೊದಲು ಪಕ್ಕದಲ್ಲಿ ನಿಂತು ಕಾರನ್ನು ಬಲವಾಗಿ ಅಲುಗಿಸಿ ನೋಡಿ.

ಬಂಗಾರಪೇಟೆ ಸದಸ್ಯ: ನನ್ನಲ್ಲಿ 5 ಟನ್ ಬಾಟಲ್ ಜಾಕ್ ಇದೆ. ಅದಕ್ಕೂ ಸ್ಟ್ಯಾಂಡ್ ಬೇಕೇ?

ಮೆಕ್ಯಾನಿಕ್: ಬೇಕು.

ಕೋಲಾರ ಸದಸ್ಯ: ಕ್ಲಾಕ್ ಟವರ್ ಸುತ್ತಮುತ್ತ ಸ್ಟ್ಯಾಂಡ್ ಬಾಡಿಗೆಗೆ ಸಿಗುತ್ತದೆಯೇ?

ಶ್ರೀನಿವಾಸಪುರ ಸದಸ್ಯ: ಅಣ್ಣ, ನಮ್ಮ ಟ್ರ್ಯಾಕ್ಟರಿನ ಟಿಪ್ಪರ್ ಟ್ರಾಲಿಯಲ್ಲಿ ಹೈಡ್ರಾಲಿಕ್ ಪೈಪಿನ ಜಾಯಿಂಟ್‌ನಿಂದ ಎಣ್ಣೆ ಒಸರುತ್ತಿದೆ. ಟ್ರಾಲಿ ಎತ್ತಿ ನೀಲಗಿರಿ ಮರದ ತುಂಡೊಂದನ್ನು ಆನಿಸಿದ್ದೇವೆ. ಮಗ ಕೆಳಗೆ ಹೋಗಿ ಜಾಯಿಂಟ್ ಬಿಚ್ಚುತ್ತಿದ್ದಾನೆ. ಯಾವ ಸ್ಪ್ಯಾನರ್ ಬೇಕಾಗುತ್ತದೆ?

ಮೆಕ್ಯಾನಿಕ್: ಸ್ಪ್ಯಾನರಿನ ಮಾತು ಆಮೇಲೆ. ಮೊದಲು ಮಗನನ್ನು ಹೊರಗೆ ಕರೆಯಿರಿ. ಟ್ರಾಲಿಯನ್ನು ಈಗ ಮೇಲೆ ಹಿಡಿದಿರುವುದು ಆ ಪೈಪಿನೊಳಗಿನ ಎಣ್ಣೆಯ ಒತ್ತಡವೇ. ಜಾಯಿಂಟ್ ಸಡಿಲವಾದ ಕ್ಷಣ ಎಣ್ಣೆ ಹೊರಚಿಮ್ಮಿ, ತೊಟ್ಟಿಯ ಇಡೀ ಭಾರ ಆ ಮರದ ತುಂಡಿನ ಮೇಲೆ ಒಮ್ಮೆಲೇ ಬೀಳುತ್ತದೆ. ಸುಮ್ಮನೆ ಆನಿಸಿದ ದುಂಡು ಮರ ಉರುಳುತ್ತದೆ ಅಥವಾ ಜಾರುತ್ತದೆ, ಓಡಿ ಬರುವಷ್ಟು ಸಮಯವೂ ಸಿಗುವುದಿಲ್ಲ. ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುವುದೂ ಬೇಡ, ಏಕೆಂದರೆ ಸೂಜಿಮೊನೆಯಷ್ಟು ರಂಧ್ರದಿಂದ ಒತ್ತಡದಲ್ಲಿ ಬರುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಸೇರುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸರಿಯಾದ ಕ್ರಮವೆಂದರೆ, ಖಾಲಿ ಟ್ರಾಲಿಯನ್ನು ಎತ್ತಿ, ಚಾಸಿಗೆ (ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಪಿನ್ ಹಾಕಿ ಭದ್ರಪಡಿಸಿದ ಕಬ್ಬಿಣದ ಊರುಗಾಲನ್ನು ಹೊರಗಿನಿಂದಲೇ ನಿಲ್ಲಿಸಿ, ತೊಟ್ಟಿಯನ್ನು ನಿಧಾನವಾಗಿ ಅದರ ಮೇಲೆ ಕೂರುವಂತೆ ಇಳಿಸಬೇಕು. ಬಳಿಕ ಇಂಜಿನ್ ನಿಲ್ಲಿಸಿ, ಕೀಲಿ ತೆಗೆದುಕೊಂಡು, ಲಿವರನ್ನು ಇಳಿಸುವ ಸ್ಥಾನದಲ್ಲಿಟ್ಟು ಪೈಪಿನ ಒತ್ತಡ ಬಿಟ್ಟ ಮೇಲಷ್ಟೇ ಜಾಯಿಂಟ್ ಮುಟ್ಟಬೇಕು.

ಮುಳಬಾಗಿಲು ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: "ಸ್ಟ್ಯಾಂಡಿಗೆ ಹಣ ಏಕೆ? ನಾಲ್ಕು ಹಾಲೋ ಬ್ಲಾಕ್ ಜೋಡಿಸಿ, ನಿಶ್ಚಿಂತೆಯಿಂದ ಮಲಗಿ."

ಮೆಕ್ಯಾನಿಕ್: ದಯವಿಟ್ಟು ಇಂಥದ್ದನ್ನು ಹಂಚಬೇಡಿ. ಗೋಡೆಯಲ್ಲಿ ಹರಡಿದ ಭಾರವನ್ನು ಹೊರುವ ಬ್ಲಾಕ್, ಕಾರಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿ ಒತ್ತಿದಾಗ ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಇದನ್ನು ಬರೆದವರು ಅದರ ಕೆಳಗೆ ಮಲಗಿದವರಲ್ಲ.

ಕೆ.ಜಿ.ಎಫ್. ಸದಸ್ಯ: ಬ್ಲಾಕ್ ಬೇಡ, ಒಪ್ಪುತ್ತೇನೆ. ನಮ್ಮ ಕಡೆಯ ಸೈಜುಗಲ್ಲು ಒಡೆಯುವುದಿಲ್ಲವಲ್ಲ?

ಮಾಲೂರು ಸದಸ್ಯ: ಕಲ್ಲು ಒಡೆಯದಿರಬಹುದು, ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ.

ಕೆ.ಜಿ.ಎಫ್. ಸದಸ್ಯ: ಇದುವರೆಗೆ ನನಗೆ ಜಾರಿಲ್ಲ. ಸೈಲೆನ್ಸರ್ ಬಿಚ್ಚಲು ಬಾರದವರು ನನಗೆ ಹೇಳಿಕೊಡಬೇಕಾಗಿಲ್ಲ.

ಮಾಲೂರು ಸದಸ್ಯ: ನಾನು ಕೇಳಿ ತಿಳಿದುಕೊಳ್ಳುತ್ತಿದ್ದೇನೆ. ನಿಮಗೆ ಆ ಅಭ್ಯಾಸವೂ ಇದ್ದಂತಿಲ್ಲ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಒಂದರ ಮೇಲೊಂದು ಇಟ್ಟ ಕಲ್ಲು ವಾಲುತ್ತದೆ, ನುಣುಪು ಮುಖದಲ್ಲಿ ಚಾಸಿ ಜಾರುತ್ತದೆ. ಕಲ್ಲು ಬೇಡ.

ಕೋಲಾರ ಸದಸ್ಯ: ಬಾಡಿಗೆಯ ವಿಷಯ ಯಾರೂ ಹೇಳಲಿಲ್ಲ.

ಮುಳಬಾಗಿಲು ಸದಸ್ಯ: ಯಾರಾದರೂ ಕೆಳಗೆ ಸಿಕ್ಕಿಕೊಂಡರೆ ಕಾಲು ಹಿಡಿದು ಎಳೆಯಬಹುದೇ?

ಮೆಕ್ಯಾನಿಕ್: ಎಳೆಯಬೇಡಿ. ಎದೆ ಒತ್ತಿಹೋದವರಿಗೆ ಉಸಿರು ನಿಲ್ಲಲು ನಿಮಿಷಗಳು ಸಾಕು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ಇನ್ನೊಂದು ಜಾಕಿನಿಂದ ಗಾಡಿ ಎತ್ತಿ, ಎತ್ತಿದಷ್ಟಕ್ಕೂ ಅಡೆ ಕೊಡುತ್ತಾ ಬರಬೇಕು. ಆದ್ದರಿಂದಲೇ ಮನೆಯಲ್ಲಿ ಒಬ್ಬರೇ ಇರುವಾಗ ಗಾಡಿಯ ಕೆಳಗೆ ಹೋಗಬಾರದು.

ಬಂಗಾರಪೇಟೆ ಸದಸ್ಯ: ಹತ್ತೇ ನಿಮಿಷದ ಕೆಲಸಕ್ಕೆ ಬಾಟಲ್ ಜಾಕ್ ಸಾಕಲ್ಲವೇ?

ಮೆಕ್ಯಾನಿಕ್: ಉತ್ತರ ಮೇಲಿದೆ. ಜಾಕಿನೊಳಗಿನ ಎಣ್ಣೆಯನ್ನು ತಡೆದಿಡುವ ಸೀಲು ಹರಿಯುವುದು ನಿಮ್ಮ ಹತ್ತು ನಿಮಿಷವನ್ನು ನೋಡಿಕೊಂಡಲ್ಲ. ಶ್ರೀನಿವಾಸಪುರದವರೇ, ಮಗ ಹೊರಗೆ ಬಂದನೇ? ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗಾಗಿ ಕಾಯುತ್ತಿದ್ದೇನೆ.

ಶ್ರೀನಿವಾಸಪುರ ಸದಸ್ಯ: ಬಂದಿದ್ದಾನೆ ಅಣ್ಣ, ಟ್ರಾಲಿಯನ್ನು ಪೂರ್ತಿ ಇಳಿಸಿದ್ದೇವೆ. ನಾಳೆ ವೆಲ್ಡಿಂಗ್ ಅಂಗಡಿಯಲ್ಲಿ ಊರುಗಾಲು ಮಾಡಿಸುತ್ತೇನೆ.

ಮೆಕ್ಯಾನಿಕ್: ಒಳ್ಳೆಯದು. ಪಿನ್ ಕೂರುವ ಜಾಗದ ಫೋಟೋ ಕಳುಹಿಸಿ, ನಾನು ನೋಡಿ ಹೇಳುವವರೆಗೆ ಟ್ರಾಲಿ ಎತ್ತಬೇಡಿ.