ಕಾರವಾರದ ಮಳೆಗಾಲಕ್ಕೆ ಯಾವುದು ಒಗ್ಗೀತು: ಬಿಯರ್ಡೆಡ್ ಡ್ರ್ಯಾಗನ್, ಬಾಲ್ ಪೈಥಾನ್, ಟಾರಂಟುಲಾ?

ಬೈತಖೋಲ_ಬಂದರು:
ನಮಸ್ಕಾರ. ಸಮುದ್ರದಿಂದ ಕೂಗಳತೆಯಲ್ಲಿ ಮನೆ. ಮಗಳು ಪಿಯುಸಿ ಎರಡನೇ ವರ್ಷ, ಮೇಲಿನ ಮೂರರಲ್ಲಿ (ಗಡ್ಡದ ಹಲ್ಲಿ, ಆಫ್ರಿಕಾದ ಸಣ್ಣ ಹೆಬ್ಬಾವು, ರೋಮದ ದೊಡ್ಡ ಜೇಡ) ಒಂದು ಸಾಕಲು ಬೇಕಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಗಾಳಿ ಬೀಸಿದರೆ ಕರೆಂಟು ಆರೇಳು ತಾಸು ಇರುವುದಿಲ್ಲ, ಇನ್ವರ್ಟರ್ ಇದೆ. ಇಂಥಲ್ಲಿ ಯಾವುದು ಬದುಕೀತು? ಕಾಗದಪತ್ರ ಏನು ಬೇಕು?

ಕಾಳಿ_ದಂಡೆ:
ಡ್ರ್ಯಾಗನ್ ಬೇಡ. ಅದು ಆಸ್ಟ್ರೇಲಿಯಾದ ಒಣನೆಲದ ಪ್ರಾಣಿ. ಗೂಡಿನ ತೇವಾಂಶ ಶೇ. 30ರಿಂದ 40 ಇರಬೇಕು, ಬಿಸಿಲು ಕಾಯುವ ಕಲ್ಲು 40 ಡಿಗ್ರಿ ಹತ್ತಿರ. ನಮ್ಮ ಆಷಾಢದ ಗಾಳಿ 26 ಡಿಗ್ರಿ, ತೇವ ಶೇ. 90. ಅದನ್ನು 32ಕ್ಕೆ ಕಾಯಿಸಿದರೂ ತೇವ ಸುಮಾರು 64ಕ್ಕೆ ನಿಲ್ಲುತ್ತದೆ. ರಾತ್ರಿ ದೀಪ ಆರಿದ ಮೇಲೆ ಮತ್ತೆ 90. ನಾಲ್ಕು ತಿಂಗಳು ಹೀಗೇ ಕಳೆದರೆ ಶ್ವಾಸಕೋಶಕ್ಕೆ ಸೋಂಕು ಹಿಡಿಯುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗುಳ್ಳೆ ಅದರ ಗುರುತು. ಕೋಣೆಗೆ ಗಾಳಿಯ ತೇವ ಹೀರುವ ಯಂತ್ರ (ಡಿಹ್ಯೂಮಿಡಿಫೈಯರ್) ಇಟ್ಟರೆ ಮಾತು ಬೇರೆ, ಆದರೆ ಅದನ್ನು ಇನ್ವರ್ಟರ್ ಮೇಲೆ ರಾತ್ರಿಯಿಡೀ ಓಡಿಸಲಾಗದು.

ಈಗಾಗಲೇ ಸಾಕಿದವರು ಓದುತ್ತಿದ್ದರೆ ಒಂದು ಮಾತು. ಹಿತ್ತಲಲ್ಲಿದೆ ಅಂತ ಬಸಳೆ, ಹರಿವೆ ಹಾಕಬೇಡಿ. ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ, ದವಡೆ ಮೆತ್ತಗಾಗುತ್ತದೆ. ನುಗ್ಗೆಸೊಪ್ಪು, ದಾಸವಾಳದ ಎಲೆ ಕೊಡಿ. ಕಿಟಕಿ ಗಾಜಿನ ಹಿಂದಿನ ಬಿಸಿಲೂ ಲೆಕ್ಕಕ್ಕಿಲ್ಲ, ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ.

ಬಾಲ್ ಪೈಥಾನ್‌ಗೆ ನಮ್ಮ ತೇವ ಅಷ್ಟು ತೊಂದರೆಯಲ್ಲ. ಆದರೆ ಫ್ರಿಜ್ಜಿನಲ್ಲಿ ಇಲಿ ಇಡಲು ಮನೆಯವರು ಒಪ್ಪಬೇಕು, 20 ವರ್ಷಕ್ಕೂ ಮಿಕ್ಕಿ ನೋಡಿಕೊಳ್ಳಬೇಕು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಯಾರು?

ಶಿರಸಿ_ಧರೆ:
ಮೂರರಲ್ಲಿ ಟಾರಂಟುಲಾ ಒಂದೇ ನಿಮ್ಮ ಮನೆಗೆ ಒಗ್ಗುವುದು. ದೀಪ ಬೇಡ, ಹೀಟರ್ ಬೇಡ, ಕರೆಂಟು ಹೋದರೂ ಚಿಂತೆಯಿಲ್ಲ. ನೆಲದ ಮೇಲಿರುವ ಜಾತಿಗೆ 30×20×20 ಸೆಂ.ಮೀ. ಡಬ್ಬಿ ಸಾಕು. ಗೊಬ್ಬರ ಸೇರಿಸದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತಂದು ನೆನೆಸಿ, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅದನ್ನು ಮುಚ್ಚಳದ ತನಕ ಖಾಲಿ ಜಾಗ ಜೇಡದ ಕಾಲಗಲದ ಒಂದೂವರೆ ಪಟ್ಟು ಮಾತ್ರ ಉಳಿಯುವಷ್ಟು ತುಂಬಿ. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಎದುರುಬದುರು ಎರಡೂ ಬದಿಗೆ ಸಣ್ಣ ತೂತು ಕೊರೆಯಿರಿ. ಮೇಲೆ ಮಾತ್ರ ತೂತಿದ್ದರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ.

ದೊಡ್ಡದಕ್ಕೆ ವಾರ ಹತ್ತು ದಿನಕ್ಕೊಂದು ಕ್ರಿಕೆಟ್ ಹುಳ. ತಿನ್ನುವುದು ಬಿಟ್ಟರೆ ಪೊರೆ ಕಳಚುವ ಹೊತ್ತು ಬಂತೆಂದು ತಿಳಿದು ಹುಳವನ್ನು ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಮೆತ್ತಗಿರುವ ಜೇಡವನ್ನು ಹುಳವೇ ಕಡಿಯುತ್ತದೆ. ಅಂಗಾತ ಮಲಗಿದ್ದರೆ ಸತ್ತಿದೆ ಎಂದು ಮುಟ್ಟಬೇಡಿ, ಪೊರೆ ಬಿಡುತ್ತಿರುತ್ತದೆ. ಆಮೇಲೆ ಕೋರೆಹಲ್ಲು ಬಿಳಿಯಿಂದ ಕೆಂಪಾಗಿ ಕಪ್ಪಾಗುವ ತನಕ ಊಟ ಬೇಡ.

ನಮ್ಮ ಊರಲ್ಲಿ ಇದನ್ನು ಕೊಲ್ಲುವುದು ತೇವವಲ್ಲ, ಸೊಳ್ಳೆ ಬತ್ತಿ. ಬತ್ತಿಯಲ್ಲೂ, ಗೋಡೆಗೆ ಚುಚ್ಚುವ ಮಶೀನಿನಲ್ಲೂ ಇರುವುದು ಪೈರೆಥ್ರಾಯ್ಡ್ ಎಂಬ ಕೀಟನಾಶಕ, ಕೀಟಕ್ಕೆ ವಿಷವಾದದ್ದು ಜೇಡಕ್ಕೂ ವಿಷವೇ. ಆ ಕೋಣೆಗೆ ಸೊಳ್ಳೆ ಪರದೆ ಕಟ್ಟಿ. ಮೊದಲ ಮಳೆಗೆ ಇರುವೆ ಸಾಲು ಬರುತ್ತದೆ, ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟಿರಿ.

ಕೈಮೇಲೆ ಬಿಟ್ಟುಕೊಳ್ಳುವ ಪ್ರಾಣಿ ಅಲ್ಲ, ಇದನ್ನು ಮಗಳಿಗೆ ಹೇಳಿ. ಅಮೆರಿಕ ಖಂಡದ ಜಾತಿಗಳಲ್ಲಿ ಹೆಚ್ಚಿನವು ಹೊಟ್ಟೆಯ ರೋಮ ಉದುರಿಸುತ್ತವೆ, ಕಣ್ಣಿಗೆ ಬಿದ್ದರೆ ಡಾಕ್ಟರೇ ಬೇಕು.

ಶರಾವತಿ_ಕೊಲ್ಲಿ:
ಕಾಗದದ ವಿಷಯ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ವಿದೇಶಿ ಜೀವಿಗಳು 4ನೇ ಅನುಸೂಚಿಗೆ ಬಂದಿವೆ. ಬಾಲ್ ಪೈಥಾನ್ ಅದರಲ್ಲಿದೆ, ಮೆಕ್ಸಿಕನ್ ರೆಡ್ ನೀ ಟಾರಂಟುಲಾ ಕೂಡ. ಅಂಥದ್ದು ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ವೈಜ್ಞಾನಿಕ ಹೆಸರು ಬರೆದ ಬಿಲ್ ಕೊಡದವರ ಹತ್ತಿರ ಏನನ್ನೂ ಕೊಳ್ಳಬೇಡಿ. ನಕ್ಷತ್ರ ಆಮೆ, ಉಡ, ಗೋಸುಂಬೆ, ನಮ್ಮ ಹೆಬ್ಬಾವು ಸಾಕುವುದು ಅಪರಾಧ.

ಬೈತಖೋಲ_ಬಂದರು:
ಉಪಕಾರ ಆಯ್ತು. ದೇವಿಮನೆ ಘಟ್ಟದ ಧರೆಯಲ್ಲಿ ಜೇಡನ ಬಿಲ ಕಾಣುತ್ತವಲ್ಲ, ಅದನ್ನೇ ತಂದರೆ ಆಗುವುದಿಲ್ಲವೇ?

ಶಿರಸಿ_ಧರೆ:
ದಯವಿಟ್ಟು ಬೇಡ. ಹೆಣ್ಣು ಒಂದೇ ಬಿಲದಲ್ಲಿ ವರ್ಷಗಟ್ಟಲೆ ಇರುತ್ತದೆ, ಬಿಲ ಅಗೆದರೆ ಅದರೊಳಗಿನ ಮರಿಗಳೂ ಹೋದವು. ನಮ್ಮ ಕಡೆಯ ಜಾತಿಗಳಿಗೆ ಉದುರಿಸುವ ರೋಮವಿಲ್ಲ, ಕಚ್ಚಿಯೇ ತಪ್ಪಿಸಿಕೊಳ್ಳುತ್ತವೆ. ನೋಡುವ ಆಸೆಯಿದ್ದರೆ ರಾತ್ರಿ ಎಂಟರ ಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಧರೆಯಿಂದ ಎರಡು ಮಾರು ದೂರ ನಿಲ್ಲಿ. ಬಿಲದ ಬಾಯಲ್ಲಿ ಮುಂಗಾಲು ನಾಲ್ಕು ಹೊರಗಿಟ್ಟು ಕೂತಿರುತ್ತದೆ. ಹೆಜ್ಜೆ ಸಪ್ಪಳವಾದರೆ ಸರಕ್ಕನೆ ಒಳಗೆ.