ಧ್ರುವ ನಕ್ಷತ್ರ ಕಾಣದ ತಾರಸಿಯಲ್ಲಿ ಹೊಸ ಗೋಟು ಮೌಂಟ್: ಬಳಸಿದವರು ಅನುಭವ ಹೇಳಿ

ಪ್ರಶ್ನೆ, ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ದುಡ್ಡು ಕೂಡಿಟ್ಟು ಹೋದ ವಾರ ಎಚ್‌ಇಕ್ಯೂ5 ಪ್ರೊ ಅನ್ನುವ ಗೋಟು ಮೌಂಟ್ (ಟೆಲಿಸ್ಕೋಪನ್ನು ಹೊತ್ತು, ಹೇಳಿದ ನಕ್ಷತ್ರದ ಕಡೆ ತಾನೇ ತಿರುಗಿಸುವ ಮೋಟಾರಿನ ಪೀಠ) ತರಿಸಿಕೊಂಡೆ. ಟೆಲಿಸ್ಕೋಪ್ 72 ಮಿ.ಮೀ. ರಿಫ್ರಾಕ್ಟರ್, ಫೋಕಲ್ ಲೆಂತ್ 420 ಮಿ.ಮೀ. ಕ್ಯಾಮೆರಾ ಕ್ಯಾನನ್ 200ಡಿ. ಗೈಡ್ ಕ್ಯಾಮೆರಾ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟಿನ ತಪ್ಪನ್ನು ತಿದ್ದಿಸುವ ಎರಡನೇ ಕ್ಯಾಮೆರಾ) ಇನ್ನೂ ಇಲ್ಲ. ನಮ್ಮ ತಾರಸಿಯ ಉತ್ತರಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಇದೆ, ಧ್ರುವ ನಕ್ಷತ್ರ ಕಾಣುವ ಮಾತೇ ಇಲ್ಲ. ಡಿಸೆಂಬರ್ 5ರ ರಾತ್ರಿ ಒಂಬತ್ತಕ್ಕೆ ಮೊದಲ ಸಲ ಆನ್ ಮಾಡಿದೆ. ಪೂರ್ವದಲ್ಲಿ ರೋಹಿಣಿ ಕಣ್ಣಿಗೆ ಹೊಡೆಯುವ ಹಾಗೆ ಇದ್ದರೂ ಮೌಂಟಿನ ಹ್ಯಾಂಡ್‌ಸೆಟ್ಟು (ರಿಮೋಟು) ತೋರಿಸುವ ನಕ್ಷತ್ರಗಳ ಪಟ್ಟಿಯಲ್ಲಿ ಅದರ ಹೆಸರೇ ಬರಲಿಲ್ಲ. ಚಿತ್ತಾ, ಸ್ವಾತಿ ತೋರಿಸಿತು. ಸರಿ ಅಂತ ಎಂಟರ್ ಒತ್ತಿದರೆ ಖಾಲಿ ಆಕಾಶದ ಕಡೆ ತಿರುಗಿ ನಿಂತಿತು. ಮೌಂಟೇ ಕೆಟ್ಟಿದೆಯಾ? ವಾಪಸ್ ಕಳಿಸಲು ಇನ್ನೂ ಕೆಲವು ದಿನ ಇದೆ. ನಮ್ಮ ಕಡೆ ಬಳಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ವಾಪಸ್ ಕಳಿಸಬೇಡಿ. ಮೌಂಟ್ ಚೆನ್ನಾಗಿಯೇ ಇದೆ. ನೀವು ತಾರೀಕನ್ನು 05/12 ಅಂತ ಹಾಕಿದ್ದೀರಿ. ಈ ಹ್ಯಾಂಡ್‌ಸೆಟ್ ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತದೆ. ಹಾಗಾಗಿ ಅದು ನಿಮ್ಮನ್ನು ಮೇ 12ರ ರಾತ್ರಿಯಲ್ಲಿ ನಿಲ್ಲಿಸಿದೆ. ಮೇ 12ರ ರಾತ್ರಿ ಒಂಬತ್ತಕ್ಕೆ ರೋಹಿಣಿ ಮುಳುಗಿರುತ್ತದೆ, ಚಿತ್ತಾ ಸ್ವಾತಿ ಎರಡೂ ಎತ್ತರದಲ್ಲಿರುತ್ತವೆ. ಅದು ಲೆಕ್ಕ ಸರಿಯಾಗಿಯೇ ಹಾಕಿದೆ. 12/05 ಅಂತ ಬದಲಿಸಿ. ಹಾಗೆಯೇ ಸ್ಥಳ ಹಾಕುವಾಗ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಅದನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಹಾಕಬೇಕು. ಫೋನಿನ ಮ್ಯಾಪ್ ತೋರಿಸುವ 13.34 ಅನ್ನು 13 ಡಿಗ್ರಿ 34 ನಿಮಿಷ ಅಂತ ಒತ್ತಬೇಡಿ, ಅದು 13 ಡಿಗ್ರಿ 20 ನಿಮಿಷ. ಟೈಮ್ ಝೋನ್ +05:30, ಡೇಲೈಟ್ ಸೇವಿಂಗ್‌ಗೆ ನೋ.

ಇನ್ನು ಧ್ರುವ ನಕ್ಷತ್ರದ ವಿಷಯ. ಮೌಂಟ್ ನಕ್ಷತ್ರಗಳನ್ನು ಸರಿಯಾಗಿ ಹಿಂಬಾಲಿಸಬೇಕಾದರೆ ಅದರ ಅಕ್ಷ ಆಕಾಶದ ಧ್ರುವದ ಕಡೆಗೆ ಇರಬೇಕು, ಹಾಗೆ ಹೊಂದಿಸುವುದಕ್ಕೇ ಪೋಲಾರ್ ಅಲೈನ್‌ಮೆಂಟ್ ಅನ್ನುವುದು. ನಾಲ್ಕು ವರ್ಷದಿಂದ ಇಕ್ಯೂ6-ಆರ್ ಮೌಂಟ್ ಇಟ್ಟುಕೊಂಡು ನಾನು ಕಲಿತದ್ದೆಲ್ಲ ಇದರ ಸುತ್ತವೇ ಇದೆ. ಮೌಂಟ್ ಜೊತೆ ಬರುವ ಪುಸ್ತಕ, ಇಂಟರ್ನೆಟ್ಟಿನ ವಿಡಿಯೋ ಎಲ್ಲವೂ ಧ್ರುವ 40–50 ಡಿಗ್ರಿ ಎತ್ತರದಲ್ಲಿ ಕಾಣುವ ಊರುಗಳ ಜನ ಮಾಡಿದ್ದು. ನಮ್ಮ ಮೈಸೂರಲ್ಲಿ ಅದು 12 ಡಿಗ್ರಿ, ನಿಮಗೆ 13. ತೆಂಗಿನ ಮರ, ನೀರಿನ ಟ್ಯಾಂಕು, ಪಕ್ಕದ ಮನೆ ಯಾವುದಾದರೂ ಒಂದು ಅಡ್ಡ ಇದ್ದೇ ಇರುತ್ತದೆ. ಅಡ್ಡ ಇಲ್ಲದಿದ್ದರೂ ಆ ಎತ್ತರದಲ್ಲಿ ನಾವು ನೋಡುವುದು ನೆತ್ತಿಯ ಮೇಲಿನ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿದ ದಪ್ಪದ ಮೂಲಕ. ಊರಿನ ಧೂಳು, ಬೆಳಕು ಸೇರಿದರೆ ನಕ್ಷತ್ರ ಇದ್ದೂ ಇಲ್ಲದಂತೆ. ಮೊದಲ ಮೂರು ರಾತ್ರಿ ನಾನು ಹಿತ್ತಲಿನ ಕಲ್ಲುಹಾಸಿನ ಮೇಲೆ ಮಂಡಿಯೂರಿ, ತಲೆ ಓರೆ ಮಾಡಿ ಪೋಲಾರ್ ಸ್ಕೋಪಿನೊಳಗೆ (ಧ್ರುವ ನೋಡಲು ಮೌಂಟಿನ ಅಕ್ಷದಲ್ಲೇ ಇರುವ ಪುಟ್ಟ ದೂರದರ್ಶಕ) ಇಣುಕಿದ್ದೇ ಇಣುಕಿದ್ದು.

ಈಗ ನಾನು ಮಾಡುವುದು ಹೀಗೆ. ಹಗಲಲ್ಲೇ ಟ್ರೈಪಾಡಿಗೆ ರಸಮಟ್ಟ ಇಟ್ಟು ಮಟ್ಟ ಮಾಡುತ್ತೇನೆ. ಮೌಂಟಿನ ಓರೆಯನ್ನು ಫೋನಿನ ಇಳಿಜಾರು ಅಳೆಯುವ ಆ್ಯಪ್‌ನಿಂದ 12.3ಕ್ಕೆ ತರುತ್ತೇನೆ (ನಿಮಗೆ 13.3). ಉತ್ತರ ದಿಕ್ಕಿಗೆ ಫೋನಿನ ದಿಕ್ಸೂಚಿ ಸಾಕು, ನಮ್ಮ ಕಡೆ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಫೋನನ್ನು ಮೌಂಟಿಗೆ ತಾಗಿಸಿ ಹಿಡಿಯಬೇಡಿ. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣವೂ ಮುಳ್ಳನ್ನು ಎಳೆಯುತ್ತದೆ. ಎದೆಯೆತ್ತರದಲ್ಲಿ ಹಿಡಿದು ನಾಲ್ಕು ಕಡೆ ನಿಂತು ನೋಡಿ.

ಕತ್ತಲಾದ ಮೇಲೆ ಲ್ಯಾಪ್‌ಟಾಪಿನಲ್ಲಿ ನೀನಾ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು ಅದರ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಓಡಿಸುತ್ತೇನೆ. ಇದಕ್ಕೆ ಧ್ರುವ ಕಾಣಬೇಕಿಲ್ಲ. ಆಕಾಶದ ಯಾವ ಭಾಗ ತೆರೆದಿದೆಯೋ ಅಲ್ಲಿ ಒಂದು ಫೋಟೋ, ಮೌಂಟನ್ನು ಒಂದೇ ಅಕ್ಷದ ಮೇಲೆ ಸ್ವಲ್ಪ ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮೂರನೆಯದು. ಮೂರರಲ್ಲೂ ಇರುವ ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಿ ತೆರೆಯ ಮೇಲೆ ತೋರಿಸುತ್ತದೆ. ನಾವು ಬೋಲ್ಟು ತಿರುಗಿಸುತ್ತ ಹೋದ ಹಾಗೆ ಅಂಕಿ ಇಳಿಯುತ್ತದೆ. ಎತ್ತರದ ಬೋಲ್ಟನ್ನು ಕೊನೆಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಎತ್ತುತ್ತ ನಿಲ್ಲಿಸಿ. ಇಳಿಸುತ್ತ ನಿಲ್ಲಿಸಿದರೆ ಭಾರಕ್ಕೆ ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನನಗೆ ತಪ್ಪು ಒಂದು ಆರ್ಕ್‌ಮಿನಿಟ್‌ಗಿಂತ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಕಡಿಮೆ ಬರುತ್ತದೆ.

ಲ್ಯಾಪ್‌ಟಾಪ್ ಬೇಡ ಅಂದರೆ ಡ್ರಿಫ್ಟ್ ವಿಧಾನ ಇದೆ. ನಿಧಾನ, ಆದರೆ ಕೈಕೊಡುವುದಿಲ್ಲ. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳಲ್ಲಿ ಮೇಲಿನದು, ಮಿಂಟಾಕ, ಹೆಚ್ಚುಕಡಿಮೆ ಆಕಾಶದ ವಿಷುವದ್ವೃತ್ತದ ಮೇಲೇ ಇದೆ. ಅದು ಪೂರ್ವದಲ್ಲಿ ಕೆಳಗಿರುವಾಗ ದೊಡ್ಡದು ಮಾಡಿ ಐದು ನಿಮಿಷ ಗಮನಿಸಿ. ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಎತ್ತರದ ಬೋಲ್ಟು ಮುಟ್ಟಿ. ನಡುರಾತ್ರಿ ದಾಟಿ ಅದೇ ನಕ್ಷತ್ರ ನೆತ್ತಿಯ ಹತ್ತಿರ ಬಂದಾಗ ಜಾರಿದರೆ ಪಕ್ಕದ ಬೋಲ್ಟುಗಳು. ಜಾರುವುದು ಕಡಿಮೆಯಾಯಿತಾ ಹೆಚ್ಚಾಯಿತಾ ಅಂತ ನೋಡಿಕೊಂಡು ತಿರುಗಿಸಿದರೆ ಆಯಿತು.

ಇನ್ನೊಂದು ನಿಮಗೆ ಖಂಡಿತ ಎದುರಾಗುವುದು ಕೌಂಟರ್‌ವೇಟ್, ಅಂದರೆ ಟೆಲಿಸ್ಕೋಪಿನ ತೂಕಕ್ಕೆ ಸಮತೋಲನವಾಗಿ ಎದುರು ಕಡೆ ಸರಳಿಗೆ ಹಾಕುವ ಭಾರ. 40–50 ಡಿಗ್ರಿಯ ಊರುಗಳಲ್ಲಿ ಆ ಸರಳು ಮುಂದಕ್ಕೆ ಚಾಚಿಕೊಂಡು ಟ್ರೈಪಾಡಿನಿಂದ ದೂರ ಇರುತ್ತದೆ. ನಮ್ಮ 13 ಡಿಗ್ರಿಯಲ್ಲಿ ಮೌಂಟ್ ಹೆಚ್ಚುಕಡಿಮೆ ಮಲಗಿದ ಹಾಗಾಗಿ ಸರಳು ನೇರ ಕೆಳಕ್ಕೆ, ಉತ್ತರದ ಕಾಲಿನ ಪಕ್ಕಕ್ಕೇ ಇಳಿಯುತ್ತದೆ. ವಸ್ತು ಪೂರ್ವ ಅಥವಾ ಪಶ್ಚಿಮದಲ್ಲಿ ಕೆಳಗಿದ್ದಾಗ ಭಾರ ಕಾಲಿಗೆ ಬಡಿದೇ ಬಿಡುತ್ತದೆ. ನನ್ನದು ಒಂದು ರಾತ್ರಿ ಹಾಗೆ ತಾಗಿ ಮೋಟಾರು ಕಿರ್ ಅನ್ನುತ್ತಿದ್ದದ್ದು ಒಳಗೆ ಊಟಕ್ಕೆ ಕೂತವನಿಗೆ ಕೇಳಿಸಿತು. ಓಡಿಹೋಗಿ ಸ್ವಿಚ್ ತೆಗೆದೆ. ಮರುವಾರ ಲೇತ್ ಅಂಗಡಿಯಲ್ಲಿ ಎಂಟು ಇಂಚಿನ ಕಬ್ಬಿಣದ ಪೈಪಿಗೆ ಎರಡು ಕಡೆ ಫ್ಲ್ಯಾಂಜ್ ಹಾಕಿಸಿ, ಟ್ರೈಪಾಡಿಗೂ ಮೌಂಟಿಗೂ ನಡುವೆ ಕೂರಿಸಿದೆ. ಕಂಪನಿಯದ್ದೂ ಸಿಗುತ್ತದೆ, ಪಿಯರ್ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಅದಿಲ್ಲದೆಯೂ ಭಾರವನ್ನು ಸರಳಿನ ತುದಿಗೆ ಬಿಡದೆ ಮೇಲಕ್ಕೆ ಹಿಡಿದರೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ನಿಮ್ಮ 72 ಹಗುರ, ಆದ್ದರಿಂದ ಅಷ್ಟೇ ಸಾಕಾಗಬಹುದು. ಏನೇ ಇರಲಿ, ಹಗಲಲ್ಲಿ ಕ್ಲಚ್ ಸಡಿಲಿಸಿ ಕೈಯಿಂದಲೇ ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, ಎಲ್ಲಿ ತಾಗುತ್ತದೆ ಅಂತ ಗುರುತು ಮಾಡಿಕೊಳ್ಳಿ.

ಫೋಟೋ ತೆಗೆದ ಮೇಲೆ ನಕ್ಷತ್ರ ಉದ್ದವಾಗಿ ಬಂದರೆ ಯಾವ ದಿಕ್ಕಿಗೆ ಅಂತ ಮೊದಲು ನೋಡಿ. ಐದು ಸೆಕೆಂಡಿನ ಎಕ್ಸ್‌ಪೋಷರ್ ನಡೆಯುವಾಗ ಹ್ಯಾಂಡ್‌ಸೆಟ್ಟಿನ ಎಡ-ಬಲ ಬಟನ್ ಒತ್ತಿದರೆ ಫೋಟೋದಲ್ಲಿ ಪೂರ್ವ-ಪಶ್ಚಿಮ ಯಾವ ಕಡೆ ಅಂತ ಗೆರೆ ಬೀಳುತ್ತದೆ. ಉತ್ತರ-ದಕ್ಷಿಣಕ್ಕೆ ಒಂದೇ ಸಮನೆ ಜಾರುತ್ತಿದ್ದರೆ ಪೋಲಾರ್ ಅಲೈನ್‌ಮೆಂಟ್ ತಪ್ಪಿದೆ. ಪೂರ್ವ-ಪಶ್ಚಿಮಕ್ಕೆ ಹೋಗಿ ಬಂದು ಮಾಡುತ್ತಿದ್ದರೆ ಅದು ಗೇರಿನ ಸಹಜ ಏರಿಳಿತ. ನಿಮ್ಮ ಮೌಂಟಿನ ದೊಡ್ಡ ಚಕ್ರಕ್ಕೆ 135 ಹಲ್ಲು, ಅದನ್ನು ತಿರುಗಿಸುವ ವರ್ಮ್ (ತಿರುಪಿನಂಥ ಗೇರು) ಒಂದು ಸುತ್ತು ಮುಗಿಸಲು 638 ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಏರಿಳಿತ ಆ ಲೆಕ್ಕದಲ್ಲೇ ಮರಳಿ ಮರಳಿ ಬರುತ್ತದೆ. ಫಕ್ಕನೆ ಒಂದು ಜಿಗಿತ ಕಂಡರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಕೇಬಲ್ಲುಗಳನ್ನೆಲ್ಲ ಒಂದು ಕಟ್ಟು ಮಾಡಿ ಮೌಂಟಿಗೆ ಕಟ್ಟಿದ ದಿನ ನನ್ನ ಅರ್ಧ ತೊಂದರೆ ಹೋಯಿತು.

ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.72 ಮೈಕ್ರಾನ್. ಅದನ್ನು 206.265ರಿಂದ ಗುಣಿಸಿ 420ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 1.8 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ ಅರವತ್ತರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಗೈಡಿಂಗ್ ಇಲ್ಲದೆ 30 ಸೆಕೆಂಡಿನ ಆಸುಪಾಸು ಇರಿ, ಕೆಲವು ಫ್ರೇಮು ಬಿಸಾಡಬೇಕಾಗುತ್ತದೆ. ಮುಂದೆ ಗೈಡ್ ಕ್ಯಾಮೆರಾ ಕೊಂಡು ಪಿಎಚ್‌ಡಿ2 ಅನ್ನುವ ಗೈಡಿಂಗ್ ಸಾಫ್ಟ್‌ವೇರ್ ಓಡಿಸುವಾಗ ಅದು ತೋರಿಸುವ ಒಟ್ಟು ಆರ್‌ಎಂಎಸ್ (ಸರಾಸರಿ ತಪ್ಪು) ಈ 1.8ಕ್ಕಿಂತ ಕೆಳಗಿದ್ದರೆ ನೆಮ್ಮದಿಯಾಗಿ ಮೂರು ನಿಮಿಷ ತೆಗೆಯಬಹುದು.

ಕರೆಂಟಿನ ಬಗ್ಗೆ ಒಂದು ಮಾತು. ಎರಡೂ ಮೋಟಾರು ಜೋರಾಗಿ ತಿರುಗುವಾಗ ಮೌಂಟಿನ ಕೆಂಪು ದೀಪ ಮಿಟುಕಿದರೆ ವೋಲ್ಟೇಜ್ ಸಾಲುತ್ತಿಲ್ಲ. ನನಗೆ ಅಂಗಡಿಯವರು ಕೊಟ್ಟ ಅಡಾಪ್ಟರ್ ಹೀಗೇ ಮಾಡುತ್ತಿತ್ತು. ಈಗ 12 ವೋಲ್ಟಿನ ಬ್ಯಾಟರಿ, ದಪ್ಪ ವೈರು, ನಡುವೆ ಒಂದು ಫ್ಯೂಸು. ಕರೆಂಟು ಹೋದರೂ ಅಲೈನ್‌ಮೆಂಟ್ ಕಳೆದುಹೋಗುವುದಿಲ್ಲ.

ಸಕಲೇಶಪುರದಿಂದ

ಮೇಲಿನವರು ಹೇಳಿದ್ದಕ್ಕೆ ಇಬ್ಬನಿ ಸೇರಿಸುತ್ತೇನೆ. ನವೆಂಬರಿನಿಂದ ನಮ್ಮ ತೋಟದ ಅಂಗಳದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಟ್ಯೂಬಿನಿಂದ ನೀರು ತೊಟ್ಟಿಕ್ಕುತ್ತದೆ. ಲೆನ್ಸಿಗೆ ಹೀಟರ್ ಪಟ್ಟಿ ಕಟ್ಟಿ, ಮುಂದೆ ಗೈಡ್ ಸ್ಕೋಪ್ ತಂದರೆ ಅದಕ್ಕೂ ಒಂದು ಕಟ್ಟಿ. ಎಷ್ಟೋ ಸಲ ಮೌಂಟ್ ಕೆಟ್ಟಿತು ಅಂದುಕೊಂಡರೆ ಮಂಜು ಕೂತು ಗೈಡ್ ನಕ್ಷತ್ರ ಮಾಯವಾಗಿರುತ್ತದೆ. ಒಳಗೆ ತರುವಾಗ ಮುಚ್ಚಳ ಹಾಕಿಯೇ ತನ್ನಿ, ಬೆಳಗ್ಗೆ ಒಣಗಿದ ಮೇಲೆ ಡಬ್ಬಿಗೆ ಸೇರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಆಕಾಶವೇ ಇಲ್ಲ, ಆ ನಾಲ್ಕು ತಿಂಗಳೇ ಉಪಕರಣಕ್ಕೆ ಗಂಡಾಂತರ. ಗಾಳಿಯಾಡದ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಇದಕ್ಕೆಂದೇ ಇಟ್ಟ ಹಳೇ ತವಾದ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮೌಂಟನ್ನು ಹದಿನೈದು ದಿನಕ್ಕೊಮ್ಮೆ ಮನೆಯೊಳಗೇ ಆನ್ ಮಾಡಿ ತಿರುಗಿಸಿ. ನಮ್ಮ ಮನೆಯಲ್ಲಿ ಒಂದು ಮಳೆಗಾಲ ಮುಗಿಯುವುದರೊಳಗೆ ಪೋಲಾರ್ ಸ್ಕೋಪಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ, ಒಳಗೆ ಹಸಿರು ಹುಳು ತುಂಬಿಸಿಟ್ಟಿತ್ತು. ಹತ್ತಿಕಡ್ಡಿ ಹಿಡಿದು ಬಿಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ಆ ಮುಚ್ಚಳಗಳನ್ನು ಎಲ್ಲೋ ಇಟ್ಟು ಕಳೆಯಬೇಡಿ.

ನ್ಯೂಜೆರ್ಸಿಯಿಂದ, ಊರು ಧಾರವಾಡ

ಎರಡೂ ಕಡೆ ಬಳಸಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಧ್ರುವ 40 ಡಿಗ್ರಿಯಲ್ಲಿ ಹಿತ್ತಲ ಬೇಲಿಯ ಮೇಲೆ ನಿಂತಿರುತ್ತದೆ, ಅಲೈನ್‌ಮೆಂಟ್ ಐದು ನಿಮಿಷದ ಕೆಲಸ. ಹೋದ ಸಲ ಯುಗಾದಿಗೆ ಬಂದಾಗ ಐದು ಕೆಜಿಯ ಹಾರ್ಮೋನಿಕ್ ಮೌಂಟನ್ನು ಕೈಚೀಲದಲ್ಲೇ ತಂದಿದ್ದೆ. ಇದಕ್ಕೆ ಕೌಂಟರ್‌ವೇಟ್ ಬೇಡ, ಹಾಗಾಗಿ ಮೈಸೂರಿನವರು ಹೇಳಿದ ಕಾಲಿಗೆ ಬಡಿಯುವ ತೊಂದರೆ ಇಲ್ಲ. ಆದರೆ ಗೇರಿನ ಏರಿಳಿತ ಜಾಸ್ತಿ, ಗೈಡಿಂಗ್ ಇಲ್ಲದೆ ಇದನ್ನು ಕೊಳ್ಳಲೇಬೇಡಿ. ಭಾರವೆಲ್ಲ ಒಂದೇ ಪಕ್ಕಕ್ಕೆ ವಾಲುತ್ತದೆ. ಟ್ರೈಪಾಡಿನ ನಡುವೆ ನೀರು ತುಂಬಿದ ಐದು ಲೀಟರ್ ಕ್ಯಾನು ತೂಗುಹಾಕಿದ್ದೆ.

ಧ್ರುವ ಕೆಳಗಿದೆ ಅಂತ ಬೇಸರಪಡಬೇಡಿ. ಅದು ಕೆಳಗಿರುವಷ್ಟೂ ದಕ್ಷಿಣದ ಆಕಾಶ ನಿಮಗೆ ಮೇಲೆ ಬರುತ್ತದೆ. ಒಮೆಗಾ ಸೆಂಟಾರಿ ಗೋಳಗುಚ್ಛ ನ್ಯೂಜೆರ್ಸಿಯಲ್ಲಿ ದಿಗಂತದಿಂದ ಎರಡೂವರೆ ಡಿಗ್ರಿ ಏರಿದರೆ ಹೆಚ್ಚು. ಧಾರವಾಡದ ಮಾಳಿಗೆಯಿಂದ 27 ಡಿಗ್ರಿ. ಯುಗಾದಿ ಅಮಾವಾಸ್ಯೆಯ ಬೆನ್ನಿಗೇ ಬರುವುದರಿಂದ ಚಂದ್ರನ ಕಾಟವೂ ಇಲ್ಲ. ರಾತ್ರಿ ಒಂದಕ್ಕೆ ಲ್ಯಾಪ್‌ಟಾಪಿನಲ್ಲಿ ಮೊದಲ ಫ್ರೇಮ್ ಬಂದಾಗ ನೀರು ಕುಡಿಯಲು ಎದ್ದಿದ್ದ ಅವ್ವ ಮೇಲೆ ಬಂದು ನೋಡಿ, "ಸಕ್ಕರಿ ಚೆಲ್ಲಿದಂಗ ಐತಲ್ಲೋ" ಅಂದಳು. ತುಮಕೂರಿನಲ್ಲಿ ನಿಮಗೆ ಇನ್ನೂ ಎರಡು ಡಿಗ್ರಿ ಮೇಲೆ. ಮಾರ್ಚ್‌ಗೆ ಗುರುತು ಹಾಕಿಕೊಳ್ಳಿ.

ಮತ್ತೆ ತುಮಕೂರಿನಿಂದ

ತಾರೀಕೇ ಆಗಿತ್ತು! 12/05 ಅಂತ ಇರಬೇಕಾದ ಜಾಗದಲ್ಲಿ ನಿಜಕ್ಕೂ 05/12 ಇತ್ತು. ಸರಿಮಾಡಿದ ಕೂಡಲೇ ಪಟ್ಟಿಯಲ್ಲಿ ರೋಹಿಣಿ ಬಂತು. ವಾಪಸ್ ಕಳಿಸುವ ಯೋಚನೆ ಬಿಟ್ಟೆ. ನೀನಾ ಇಳಿಸಿಕೊಂಡು ನಿನ್ನೆ ರಾತ್ರಿ ಅಲೈನ್‌ಮೆಂಟ್ ಮಾಡಿದೆ, ಮೊದಲ ಸಲಕ್ಕೆ ಒಂದು ಗಂಟೆ ಹಿಡಿಯಿತು, ನಾಲ್ಕು ಆರ್ಕ್‌ಮಿನಿಟ್‌ಗೆ ನಿಂತಿತು. ಭಾರ ಉತ್ತರದ ಕಾಲಿನಿಂದ ಎರಡು ಬೆರಳು ದೂರದಲ್ಲಿ ಹೋಗುತ್ತಿದೆ, ಕಾಲಿಗೆ ಹಳೇ ಬೆಡ್‌ಶೀಟ್ ಸುತ್ತಿದ್ದೇನೆ. ಕೃತ್ತಿಕೆಯನ್ನು 30 ಸೆಕೆಂಡಿನ 60 ಫ್ರೇಮ್ ತೆಗೆದೆ. ಸ್ಟ್ಯಾಕ್ ಮಾಡಿದಾಗ (ಎಲ್ಲವನ್ನೂ ಒಂದರ ಮೇಲೊಂದು ಸೇರಿಸಿದಾಗ) ನಕ್ಷತ್ರಗಳ ಸುತ್ತ ನೀಲಿ ಮಂಜು ತೆಳುವಾಗಿ ಕಂಡಿತು, ಮಗಳನ್ನು ಎಬ್ಬಿಸಿ ತೋರಿಸಿದೆ. ಹತ್ತು ಹನ್ನೊಂದು ನಿಮಿಷಕ್ಕೊಂದು ಸಲ ನಾಲ್ಕೈದು ಫ್ರೇಮ್ ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ ಕೆಟ್ಟಿವೆ, ಲೆಕ್ಕ ಹಾಕಿದರೆ ನೀವು ಹೇಳಿದ 638 ಸೆಕೆಂಡಿಗೆ ಸರಿಯಾಗಿ ಕೂತಿತು. ಬರುವ ತಿಂಗಳ ಸಂಬಳದಲ್ಲಿ ಗೈಡ್ ಕ್ಯಾಮೆರಾ.